ಹೆಸರು ಅಳಿಸಿದ ಬೋಟು

2017ರ ಜುಲೈ ತಿಂಗಳ ಕೊನೆಯ ವಾರ, ಮಳೆ ಎರಡು ದಿನ ಬಿಡುವು ಕೊಟ್ಟಾಗ, ಮಲ್ಪೆಯ ಹೊಳೆಬದಿಯ ಯಾರ್ಡಿನಲ್ಲಿ ಮೇಲೆಳೆದು ನಿಲ್ಲಿಸಿದ್ದ ಬೋಟಿನ ಮೂತಿಯ ಮೇಲಿನ ಹಳೆಯ ಹೆಸರನ್ನು ನಾನೇ ಸ್ಯಾಂಡ್ ಪೇಪರ್ ಹಿಡಿದು ಉಜ್ಜಿ ತೆಗೆದೆ. ಬಣ್ಣ ಹೋಯಿತು, ಅಕ್ಷರ ಹೋಗಲಿಲ್ಲ. ಹಿಂದೆ ಯಾರೋ ಮರದ ಮೇಲೆಯೇ ಕೊರೆದು ಅದರ ಮೇಲೆ ಫೈಬರ್ ಹೊದಿಸಿ ಬಣ್ಣ ಬಳಿದಿದ್ದರಿಂದ, ಇಳಿಬಿಸಿಲು ಓರೆಯಾಗಿ ಬಿದ್ದಾಗ ಆ ಹೆಸರಿನ ತಗ್ಗು ಉಬ್ಬು ಸ್ಪಷ್ಟವಾಗಿಯೇ ಕಾಣುತ್ತಿತ್ತು. ಹತ್ತಿರದಲ್ಲೇ ಕುಳಿತು ನೋಡುತ್ತಿದ್ದ ನನ್ನ ಸೋದರಮಾವ, ಚಿಕ್ಕಂದಿನಲ್ಲಿ ದಡದಿಂದ ರಂಪಣಿ ಬಲೆ ಎಳೆದು ಆಮೇಲೆ ಇಪ್ಪತ್ತು ವರ್ಷ ತಾಂಡೇಲರಾಗಿ ಬೋಟು ನಡೆಸಿದವರು, ತುಳುವಿನಲ್ಲಿ ಹೇಳಿದ ಮಾತನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: “ಆ ಹೆಸರಿಗೆ ಓಗೊಟ್ಟು ಅದಕ್ಕೆ ಅಭ್ಯಾಸವಾಗಿದೆ. ನಾಳೆ ನೀನು ಹೊಸ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ, ಮಗಾ.” ನಾನು ನಕ್ಕೆ. ಹಳೆಯ ಹೆಸರನ್ನಾಗಲಿ ನಾನಿಟ್ಟ ಹೊಸ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಆ ಬೋಟು ಈಗಲೂ ಸಮುದ್ರಕ್ಕೆ ಹೋಗುತ್ತಿದೆ, ಅದನ್ನು ನಂಬಿದ ಇನ್ನೊಂದು ಮನೆಯಿದೆ.

ಅದು 58 ಅಡಿ ಉದ್ದದ, ಮರದ ಮೈಗೆ ಹೊರಗಿನಿಂದ ಫೈಬರ್ ಹೊದಿಸಿದ ಆಳಸಮುದ್ರ ಟ್ರಾಲ್ ಬೋಟು. ಹಿಂದಿನ ಮಾಲಕರು ಎರಡು ವರ್ಷದ ಕೆಳಗಷ್ಟೇ ಹಳೆಯ ಇಂಜಿನು ತೆಗೆಸಿ ಅದಕ್ಕಿಂತ ಹೆಚ್ಚು ಶಕ್ತಿಯ ಇಂಜಿನು ಕೂರಿಸಿದ್ದರು. ಬಲೆ, ವಿಂಚ್, ಜಿಪಿಎಸ್, ಫಿಶ್ ಫೈಂಡರ್ ಎಲ್ಲ ಸೇರಿ 38 ಲಕ್ಷಕ್ಕೆ ಮಾತಾಯಿತು. ಸೊಸೈಟಿಯ ಸಾಲ, ಹೆಂಡತಿಯ ಚಿನ್ನ, ದುಬೈಯಲ್ಲಿ ಒಂಬತ್ತು ವರ್ಷ ದುಡಿದು ಕೂಡಿಟ್ಟಿದ್ದು, ಎಲ್ಲವೂ ಅದರೊಳಗೆ ಹೋಯಿತು. ಈ ಕಥನಕ್ಕೆ ಬೇಕಾದ ಇನ್ನೊಂದು ಸಂಗತಿಯಿದೆ. ನನ್ನ ದೊಡ್ಡಮ್ಮನ ಮಗ, ನಾನು ಹುಟ್ಟಿದಾಗಿನಿಂದ ಅಣ್ಣ ಎಂದೇ ಕರೆದವರು, ನನಗಿಂತ ಮೊದಲು ಅದೇ ಬೋಟನ್ನು ಕೇಳಿದ್ದರು. ಅವರು ಹೇಳಿದ ದರ ಎರಡು ಲಕ್ಷ ಕಡಿಮೆಯಿತ್ತು, ಮಾರುವವರು ನನಗೆ ಕೊಟ್ಟರು. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ನಮ್ಮ ಲೆಕ್ಕದಲ್ಲಿ ಅಕ್ಕತಂಗಿಯರ ಮಕ್ಕಳು ಒಂದೇ ಕುಟುಂಬದವರು, ಒಡಹುಟ್ಟಿದವರೇ. ಅವರು ಆಗ ಏನೂ ಅನ್ನಲಿಲ್ಲ. ಬೋಟು ನೀರಿಗಿಳಿಸುವ ದಿನ ಬೆಳಿಗ್ಗೆ ಐದಕ್ಕೇ ಬಂದು ಮರದ ದಿಮ್ಮಿಗಳಿಗೆ ಗ್ರೀಸು ಹಚ್ಚುತ್ತಿದ್ದರು.

ಬೋಟಿನ ಸುತ್ತ ಇರುವ ನಿಯಮಗಳನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಮುರಿದವನಿಗೆ ಅದು ಕೂಡಲೇ ತಿಳಿಯುತ್ತದೆ. ಚಪ್ಪಲಿ ಹಾಕಿ ಮುಂಭಾಗಕ್ಕೆ ಕಾಲಿಡಬಾರದು. ಸೂತಕ ಇರುವವನು ಹನ್ನೊಂದು ದಿನ ದಾಟುವವರೆಗೆ ಬೋಟು ಹತ್ತಬಾರದು. ಹೊರಟು ನಿಂತವನನ್ನು ಎಲ್ಲಿಗೆ ಎಂದು ಕೇಳಬಾರದು. ಹೊರಡುವವನು ‘ಹೋಗುತ್ತೇನೆ’ ಎನ್ನಬಾರದು, ‘ಬರುತ್ತೇನೆ’ ಎನ್ನಬೇಕು. ಮೂತಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದು, ಕುಂಬಳಕಾಯಿ ನಿವಾಳಿಸಿ ಒಡೆಯುವುದು, ರಾಹುಕಾಲದಲ್ಲಿ ಹಗ್ಗ ಬಿಚ್ಚದಿರುವುದು ಇವು ಲಾರಿಯವನಿಗೂ ಅಂಗಡಿಯವನಿಗೂ ಇರುವ ಪದ್ಧತಿಗಳೇ. ಆದರೆ ಲಾರಿ ಕೆಟ್ಟರೆ ಇಳಿದು ನಡೆಯಬಹುದು, ಬೋಟು ಕೆಟ್ಟರೆ ಇಳಿಯಲು ನೆಲವಿಲ್ಲ ಎನ್ನುವ ಒಂದೇ ಕಾರಣಕ್ಕೆ ನಮ್ಮಲ್ಲಿ ಅವುಗಳ ತೂಕ ಹೆಚ್ಚು. ನಾನು ಇವನ್ನೆಲ್ಲ ಪಾಲಿಸಿದೆ, ಅರ್ಧ ಮನಸ್ಸಿನಿಂದ ಪಾಲಿಸಿದೆ. ನೀರಿಗಿಳಿಸುವ ಬೆಳಿಗ್ಗೆ ಅರ್ಚಕರು ಮಂತ್ರ ಮುಗಿಸಿ ಮೂತಿಗೆ ಕಾಯಿ ಒಡೆದಾಗ ಒಳಗೆ ಕೊಳೆತು ಕಪ್ಪಾಗಿತ್ತು. ಇಪ್ಪತ್ತು ಕಾಯಿಗಳನ್ನು ಒಟ್ಟಿಗೆ ಅಗ್ಗಕ್ಕೆ ಚೌಕಾಶಿ ಮಾಡಿ ತಂದವನು ನಾನೇ. ಅರ್ಚಕರು ತಡವರಿಸದೆ ಇನ್ನೊಂದು ಕಾಯಿ ತೆಗೆದುಕೊಂಡರು, ಅದು ಚೆನ್ನಾಗಿತ್ತು. ಆದರೆ ಮೊದಲನೆಯದರ ವಾಸನೆ ಅಲ್ಲಿ ನಿಂತಿದ್ದ ಎಂಟು ಮಂದಿ ಕಲಾಸಿಗಳ, ಅಂದರೆ ಬೋಟಿನ ಕೆಲಸಗಾರರ, ಮೂಗಿಗೂ ತಲುಪಿತ್ತು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳಿಗೆ ನಿಷೇಧವಿದೆ. ಅದು ಮುಗಿದು, ಶ್ರಾವಣದ ನೂಲಹುಣ್ಣಿಮೆಯಂದು ಮಲ್ಪೆಯ ಕಡಲತೀರದ ವಡಭಾಂಡೇಶ್ವರದಲ್ಲಿ ಸಮುದ್ರಕ್ಕೆ ಹಾಲು, ಹೂವು, ತೆಂಗಿನಕಾಯಿ ಅರ್ಪಿಸಿದ ಮೇಲೆ ನಮ್ಮ ಬೋಟು ಅಳಿವೆ ದಾಟಿತು. ಒಂದು ಟ್ರಿಪ್ಪಿಗೆ ಹತ್ತು ದಿನ. ಡೀಸೆಲ್, ಮಂಜುಗಡ್ಡೆ, ಅಕ್ಕಿ, ನೀರು ಎಲ್ಲ ಸೇರಿ ಮೂರು ಲಕ್ಷದ ಮೇಲೆ ಖರ್ಚು. ಮೊದಲ ಟ್ರಿಪ್ಪಿನ ನಾಲ್ಕನೆಯ ದಿನ ಗೇರ್‌ಬಾಕ್ಸನ್ನು ನೀರಿನೊಳಗಿನ ಫ್ಯಾನು ತಿರುಗಿಸುವ ಶಾಫ್ಟಿಗೆ ಜೋಡಿಸುವ ಕಪ್ಲಿಂಗಿನ ಎರಡು ಬೋಲ್ಟುಗಳು ತುಂಡಾದವು. ಎರಡನೆಯದರಲ್ಲಿ, ಶಾಫ್ಟು ಹೊರಹೋಗುವಲ್ಲಿ ನೀರು ತಡೆಯುವ ಹಿಂಭಾಗದ ಗ್ಲ್ಯಾಂಡಿನಿಂದ ನೀರು ಸೋರಿ ರಾತ್ರಿಯೆಲ್ಲ ಪಂಪು ಓಡಿಸಬೇಕಾಯಿತು. ಮೂರನೆಯದು ನೆಟ್ಟಗೆ ಬಂತು, ರಾಣಿಮೀನು ಮತ್ತು ಬೊಂಡಾಸ್ ಒಳ್ಳೆಯ ದರಕ್ಕೆ ಹೋದವು, ಎಲ್ಲರೂ ಉಸಿರು ಬಿಟ್ಟೆವು. ನಾಲ್ಕನೆಯದರಲ್ಲಿ ಕಾರ್ಗಿಲ್ ಮೀನಿನ ಹಿಂಡು ಬಲೆಗೆ ಬಿದ್ದು, ಆ ಗಟ್ಟಿ ಚರ್ಮದ ಮೀನು ಬಲೆಯನ್ನು ಹರಿದು ಹಾಕಿತು. ಕಾರ್ಗಿಲ್ ಆ ವರ್ಷಗಳಲ್ಲಿ ಎಲ್ಲರ ಬಲೆಯನ್ನೂ ಹರಿದಿದೆ ಎಂದು ಈಗ ಹೇಳಬಲ್ಲೆ. ಆಗ ಅದು ನಮ್ಮ ಲೆಕ್ಕಕ್ಕೇ ಸೇರಿತು, ಏಕೆಂದರೆ ಎಣಿಸಲು ಶುರುಮಾಡಿದ ಮೇಲೆ ಎಲ್ಲವೂ ಎಣಿಕೆಗೆ ಬರುತ್ತದೆ.

ಎಲ್ಲಕ್ಕಿಂತ ಹೆದರಿಸಿದ್ದು ಇಂಜಿನು ನಿಲ್ಲುವ ರೀತಿ. ಸಮುದ್ರ ಶಾಂತವಾಗಿದ್ದಾಗ ಅದು ವಾರಗಟ್ಟಲೆ ಗಡಿಯಾರದಂತೆ ಓಡುತ್ತಿತ್ತು, ಗಾಳಿ ಎದ್ದು ಬೋಟು ಅಡ್ಡಡ್ಡ ಹೊರಳತೊಡಗಿದರೆ ಮಾತ್ರ ಉಸಿರು ಕಟ್ಟಿದಂತೆ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. 2017ರ ಡಿಸೆಂಬರ್ ಮೊದಲ ವಾರ ಒಖಿ ಚಂಡಮಾರುತ ಲಕ್ಷದ್ವೀಪದ ಮೇಲೆ ಹಾದು ಅರಬ್ಬಿ ಸಮುದ್ರವನ್ನೆಲ್ಲ ಕದಡಿದಾಗ ನಮ್ಮ ಬೋಟು ಗೋವಾದ ಹೊರಗಿತ್ತು. ವೈರ್‌ಲೆಸ್ಸಿನಲ್ಲಿ ಸೂಚನೆ ಸಿಕ್ಕಿ ಕಾರವಾರದ ಕಡೆಗೆ ತಿರುಗಿದವರು ದಾರಿಯಲ್ಲಿ ಮೂರು ಸಲ ಇಂಜಿನು ನಿಂತು, ಮೂರು ಸಲವೂ ಕತ್ತಲಲ್ಲಿ ಫಿಲ್ಟರು ಬಿಚ್ಚಿ ಗಾಳಿ ತೆಗೆದು ಮತ್ತೆ ಚಾಲೂ ಮಾಡಿದರಂತೆ. ತಾಂಡೇಲರು ಊರಿಗೆ ಬಂದು ನನ್ನೆದುರು ನಿಂತು, “ಧನಿಗಳೇ, ಇದು ಬೇಕೆಂದೇ ಸಮಯ ನೋಡಿ ನಿಲ್ಲುತ್ತದೆ” ಎಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ, ಹುಚ್ಚುನಾಯಿಯ ಬಗ್ಗೆ ಎಚ್ಚರಿಸುವವರ ದನಿ ಇತ್ತು. ಸಮಯ ನೋಡಿ ನಿಲ್ಲುತ್ತದೆ ಎನ್ನುವುದು ನಿಜವೇ ಆಗಿತ್ತೆಂದೂ ಆ ಮಾತಿನಲ್ಲೇ ರೋಗದ ಹೆಸರೂ ಅಡಗಿತ್ತೆಂದೂ ನನಗೆ ಗೊತ್ತಾಗಲು ಇನ್ನೂ ಒಂದೂವರೆ ವರ್ಷ ಬೇಕಾಯಿತು.

ಬೋಟುಗಳು ಬಂದು ನಿಲ್ಲುವ ದಕ್ಕೆಯಲ್ಲಿ ಪ್ರತಿಯೊಬ್ಬರಲ್ಲೂ ಒಂದೊಂದು ಕಾರಣ ಸಿದ್ಧವಿತ್ತು. ಹೆಸರು ಬದಲಿಸಿದ್ದು ಎಂದರು ಕೆಲವರು. ಕೊಳೆತ ಕಾಯಿ ಎಂದರು ಕಲಾಸಿಗಳು. ಇಂಜಿನು ಡ್ರೈವರ್ ಹುಡುಗ ಮೊದಲ ಟ್ರಿಪ್ಪಿನ ದಿನ ಫೋನಿನಲ್ಲಿ ತನ್ನ ತಾಯಿಗೆ ‘ಹೋಗ್ತೇನೆ’ ಎಂದದ್ದನ್ನು ಅಡುಗೆಯವನು ಕೇಳಿಸಿಕೊಂಡಿದ್ದನಂತೆ, ಅದೂ ಪಟ್ಟಿಗೆ ಸೇರಿತು. ಬೋಟಿಗೆ ಬಳಸಿದ ಒಂದು ಮರ ದೈವಸ್ಥಾನದ ಹತ್ತಿರದ್ದಿರಬಹುದು ಎಂದು ಮೀನು ಏಲಂ ಕೂಗುವವರೊಬ್ಬರು ಹೇಳಿದರು. ಬೋಟು ಕಟ್ಟಿದ ವರ್ಷ ಅವರು ಊರಿನಲ್ಲೇ ಇರಲಿಲ್ಲ. ನಾನೂ ಸುಮ್ಮನಿರಲಿಲ್ಲ. ಬೋಟು ಖರೀದಿಸಿದ ದಿನದ ತಿಥಿ ನಕ್ಷತ್ರಗಳನ್ನು ರಾತ್ರಿ ಎದ್ದು ಪಂಚಾಂಗದಲ್ಲಿ ಹುಡುಕಿದವನು, ಬಿ.ಕಾಂ. ಓದಿ ದುಬೈಯ ಗೋದಾಮಿನಲ್ಲಿ ಲೆಕ್ಕ ಬರೆದವನು, ನಾನೇ.

2018ರ ಜೂನಿನಲ್ಲಿ, ಬೋಟು ಮೇಲೆ ಬಂದ ಮೇಲೆ, ತಾಂಬೂಲ ಪ್ರಶ್ನೆ ಇಡಿಸುವುದೆಂದು ಮನೆಯಲ್ಲಿ ನಿರ್ಧಾರವಾಯಿತು. ಪ್ರಶ್ನೆ ಕೇಳುವವರೇ ವೀಳ್ಯದೆಲೆಯ ಕಟ್ಟು ಒಯ್ಯಬೇಕು. ಜ್ಯೋತಿಷಿಗಳು ಅದನ್ನು ಬಿಚ್ಚಿ ಎಲೆಗಳನ್ನು ಎಣಿಸಿ, ಹನ್ನೆರಡು ಎಲೆಗಳನ್ನು ಹನ್ನೆರಡು ಭಾವಗಳಿಗೆ ಹಿಡಿದು, ಯಾವ ಎಲೆ ಹರಿದಿದೆ, ಯಾವುದು ಬಾಡಿದೆ, ಯಾವುದರಲ್ಲಿ ತೂತಿದೆ ಎಂದು ನೋಡಿ ಫಲ ಹೇಳುತ್ತಾರೆ. ನಾನು ಆ ಬೆಳಿಗ್ಗೆ ಸುರಿಯುವ ಮಳೆಯಲ್ಲಿ ಎಲೆ ಕೊಂಡು, ಸ್ಕೂಟರಿನ ಮುಂದಿನ ಕೊಕ್ಕೆಗೆ ಚೀಲ ಸಿಕ್ಕಿಸಿ, ಹೊಂಡ ತುಂಬಿದ ರಸ್ತೆಯಲ್ಲಿ ಹನ್ನೆರಡು ಕಿಲೋಮೀಟರ್ ಹೋಗಿದ್ದೆ. ಮೂರನೆಯ ಎಲೆ ತೊಟ್ಟಿನಿಂದ ಅರ್ಧಕ್ಕೆ ಸೀಳಿತ್ತು, ನಾಲ್ಕನೆಯದರಲ್ಲಿ ತೂತಿತ್ತು. ಮೂರು ಸಹೋದರ ಭಾವ, ನಾಲ್ಕು ವಾಹನ ಭಾವ. ಜ್ಯೋತಿಷಿಗಳು ಸೌಮ್ಯವಾದ ಮನುಷ್ಯರು, ಯಾರ ಹೆಸರನ್ನೂ ಹೇಳಲಿಲ್ಲ. “ವಾಹನಕ್ಕೆ ಬಂದ ಕ್ಲೇಶ, ಸಹೋದರ ಸಮಾನರಾದವರ ಮನಸ್ಸಿನ ನೋವಿನಿಂದ ಬಂದದ್ದು. ಇದನ್ನು ನಿಮಗಿಂತ ಮೊದಲು ಬಯಸಿದವರು ಯಾರಾದರೂ ಇದ್ದರೇ?” ಎಂದು ಕೇಳಿದರು, ಅಷ್ಟೇ. ನಾನು, ನನ್ನ ಹೆಂಡತಿ, ನನ್ನ ತಾಯಿ ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೆಸರನ್ನು ತುಂಬಿದವರು ನಾವು.

ಪರಿಹಾರಗಳು ಪಟ್ಟಿಯಾಗಿ ಬಂದವು ಮತ್ತು ಅವುಗಳನ್ನು ಒಂದೊಂದಾಗಿ ಮಾಡಿ ಮುಗಿಸಿದೆವು. ಬೋಟಿನಲ್ಲೇ ಸುದರ್ಶನ ಹೋಮವಾಯಿತು. ಮರದ ಡೆಕ್ಕಿನ ಮೇಲೆ ಮರಳು ಹಾಸಿ, ಇಟ್ಟಿಗೆ ಇಟ್ಟು, ಪಕ್ಕದಲ್ಲಿ ಎರಡು ಬಕೆಟ್ ನೀರು ಇಟ್ಟುಕೊಂಡು ಹೋಮ ಮಾಡುವುದು ಹೇಗೆಂದು ಅರ್ಚಕರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಪಾಲಿಗೆ ಕಡಲಿನ ಕಾವಲುಗಾರನಾದ ಬೊಬ್ಬರ್ಯನ ಗುಡಿಯಲ್ಲಿ ಹರಕೆ ಒಪ್ಪಿಸಿ, ದರ್ಶನದ ದಿನ ಎದುರು ನಿಂತೆವು. ದೈವ ಮೈಮೇಲೆ ಬರುವ ಪಾತ್ರಿಯ ಬಾಯಿಂದ ಬಂದ ನುಡಿಯಲ್ಲಿ ನನಗೆ ನೆನಪಿರುವುದು ಒಂದೇ: ಕಬ್ಬಿಣ ಕಾಯುವುದು ನಿನ್ನ ಕೆಲಸ, ಜೀವ ಕಾಯುವುದು ನನ್ನ ಕೆಲಸ. ದೈವದ ಪ್ರಸಾದವಾದ ಬೂಳ್ಯ ತೆಗೆದುಕೊಂಡು ಬರುವಾಗ ಇದನ್ನು ನಾನು ಅಭಯ ಎಂದು ಮಾತ್ರ ಕೇಳಿಸಿಕೊಂಡೆ, ಮೊದಲರ್ಧದಲ್ಲಿದ್ದ ಗದರಿಕೆ ಕಿವಿಗೆ ಬೀಳಲಿಲ್ಲ. ಎಲ್ಲ ಸೇರಿ ಎಂಬತ್ತು ಸಾವಿರದಷ್ಟಾಯಿತು. ಅದೇ ಮಳೆಗಾಲದಲ್ಲಿ ಹಣ ಸಾಲದೆಂದು ಇಂಜಿನು ಕೆಲಸವನ್ನು ಬೋಲ್ಟು, ಪ್ಯಾಕಿಂಗು, ಎಣ್ಣೆ ಬದಲಿಸುವುದಕ್ಕೆ ನಿಲ್ಲಿಸಿದ್ದೆ.

ಹಣಕ್ಕಿಂತ ಹೆಚ್ಚು ಖರ್ಚಾದದ್ದು ಬೇರೆ. ಅಣ್ಣನ ಮನೆಗೆ ನಾವು ಹೋಗುವುದನ್ನು ನಿಲ್ಲಿಸಿದೆವು, ಕಾರಣ ಹೇಳಲಿಲ್ಲ. ಅವರ ಮಗಳ ನಿಶ್ಚಿತಾರ್ಥಕ್ಕೆ ನಾನು ಜ್ವರದ ನೆಪ ಹೇಳಿದೆ. ನೀರಿಗಿಳಿಸುವ ಎರಡನೆಯ ವರ್ಷದ ಬೆಳಿಗ್ಗೆ ಅವರು ಎಂದಿನಂತೆ ಐದಕ್ಕೇ ಯಾರ್ಡಿಗೆ ಬಂದಾಗ, ನನ್ನ ತಾಯಿ, ತನ್ನ ಸ್ವಂತ ಅಕ್ಕನ ಮಗನಿಗೆ, “ಇಂದು ನಮ್ಮವರೇ ಸಾಕಷ್ಟು ಇದ್ದಾರೆ” ಎಂದರು. ಅವರು ಕೈಯಲ್ಲಿದ್ದ ಗ್ರೀಸಿನ ಡಬ್ಬವನ್ನು ಅಲ್ಲೇ ಮರಳ ಮೇಲೆ ಇಟ್ಟು ಹೋದರು. ಪ್ರಶ್ನೆಯ ಸುದ್ದಿ ಅವರಿಗೆ ಅದಾಗಲೇ ತಲುಪಿತ್ತೆಂದು ಆಮೇಲೆ ತಿಳಿಯಿತು. ಮಲ್ಪೆಯಲ್ಲಿ ಯಾವ ಬೋಟಿಗೆ ಯಾವ ಹೋಮವಾಯಿತೆಂಬುದು ಮೀನಿನ ದರದಷ್ಟೇ ಬೇಗ ಹರಡುತ್ತದೆ.

ಎರಡನೆಯ ಹಂಗಾಮಿನಲ್ಲಿ ನಾನು ಕಲಿತದ್ದು ಏನೆಂದರೆ, ಬೋಟಿಗೆ ಕೆಟ್ಟ ಹೆಸರು ಬಂದ ಮೇಲೆ ಆ ಹೆಸರೇ ಕೆಲಸ ಮಾಡಲು ಶುರುಮಾಡುತ್ತದೆ. ಹಂಗಾಮಿಗೆ ಮೊದಲು ಮುಂಗಡ ಕೊಟ್ಟು ತಾಂಡೇಲರನ್ನೂ ಕಲಾಸಿಗಳನ್ನೂ ಗೊತ್ತುಮಾಡುವುದು ನಮ್ಮ ಪದ್ಧತಿ. ತಾಂಡೇಲರ ಸಂಪಾದನೆ ಹಿಡಿದ ಮೀನಿನ ಮಾರಾಟದ ಮೇಲೆ ನಿಂತಿರುವುದರಿಂದ, ಅನುಭವವುಳ್ಳವರು ನಾಲ್ಕು ಕಡೆ ವಿಚಾರಿಸಿಯೇ ಬೋಟು ಹತ್ತುತ್ತಾರೆ. ಒಖಿಯ ಸಮಯದಲ್ಲಿ ಬೋಟನ್ನು ಕಾರವಾರಕ್ಕೆ ಮುಟ್ಟಿಸಿದ್ದ ನಮ್ಮ ತಾಂಡೇಲರು ಕೈಮುಗಿದು ಬೇರೆ ಬೋಟಿಗೆ ಹೋದರು. ಅವರೊಂದಿಗೆ ಉತ್ತರ ಕನ್ನಡದ ಐದು ಮಂದಿ ಒಳ್ಳೆಯ ಕೆಲಸಗಾರರೂ ಹೋದರು. ಮುಂಗಡ ಹೆಚ್ಚಿಸಿದರೂ ಸಿಕ್ಕಿದ್ದು ಮೊದಲ ಸಲ ತಾಂಡೇಲನಾಗುತ್ತಿರುವ ಒಬ್ಬ ಯುವಕ, ಮತ್ತು ಸಮುದ್ರವನ್ನೇ ಹೊಸದಾಗಿ ನೋಡುತ್ತಿದ್ದ, ಒಡಿಶಾದ ಒಳನಾಡಿನ ಹುಡುಗರು. ಅಕ್ಟೋಬರಿನಲ್ಲಿ ಬಲೆ ಬಂಡೆಗೆ ಸಿಕ್ಕಿ ಕಡಿದುಹೋಯಿತು. ಹಳೆಯ ತಾಂಡೇಲರಿಗೆ ಆ ಬಂಡೆಯಿರುವ ಜಾಗ ಬಾಯಿಪಾಠವಿತ್ತು. ನವೆಂಬರಿನಲ್ಲಿ ಬಿಟ್ಟ ಹಗ್ಗವನ್ನು ಎಳೆದುಕೊಳ್ಳುವ ಮೊದಲೇ ಇಂಜಿನನ್ನು ಹಿಂದಕ್ಕೆ ಹಾಕಿದ್ದರಿಂದ ಅದು ಫ್ಯಾನಿಗೆ ಸುತ್ತಿತು, ಇನ್ನೊಂದು ಬೋಟು ಒಂದೂವರೆ ದಿನ ಎಳೆದುಕೊಂಡು ಬಂತು. ಅದೇ ತಿಂಗಳು ಒಬ್ಬ ಹುಡುಗನ ಎರಡು ಬೆರಳು ವಿಂಚಿನ ರೋಪಿನ ನಡುವೆ ಸಿಕ್ಕಿ ನಜ್ಜುಗುಜ್ಜಾದವು. ಆಸ್ಪತ್ರೆಯ ಖರ್ಚು, ಪರಿಹಾರ ಎಲ್ಲ ಕೊಟ್ಟೆ. ಹಾಸಿಗೆಯ ಪಕ್ಕ ಕುಳಿತಾಗ ಅವನು ನನ್ನನ್ನೇ ಸಮಾಧಾನ ಮಾಡುವಂತೆ, ಬೋಟಿನ ಗ್ರಹಚಾರ ಸರಿಯಿಲ್ಲ ಎಂದು ತನ್ನ ಮುರುಕು ಕನ್ನಡದಲ್ಲಿ ಹೇಳಿದ. ಕೈಗವಸು ಹಾಕಿ ವಿಂಚಿನ ಹತ್ತಿರ ನಿಲ್ಲಬಾರದೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗ್ರಹಚಾರ ಎನ್ನುವ ಆ ಮಾತು ನನ್ನನ್ನು ಹೊಣೆಯಿಂದ ಬಿಡಿಸುತ್ತಿತ್ತು. ಅದು ಎಷ್ಟು ಹಿತವಾಗಿತ್ತೆಂದು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಆ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಹೊರಗೆ ಸಮುದ್ರದ ತಳದಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್‌ಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ನಡುವಿನ ನಾಲ್ಕೂವರೆ ತಿಂಗಳು ದಕ್ಕೆಯಲ್ಲಿ ಯಾರೂ ಜೋರಾಗಿ ನಗುತ್ತಿರಲಿಲ್ಲ. ಆ ಮನೆಗಳ ದುಃಖವನ್ನು ನನ್ನ ಬೋಟಿನ ಸಣ್ಣಪುಟ್ಟ ಕಷ್ಟಗಳ ಪಕ್ಕದಲ್ಲಿ ಇಡುವುದು ಸಲ್ಲದು. ಅದರಿಂದ ನಮ್ಮಲ್ಲಿ ಆದದ್ದನ್ನಷ್ಟೇ ಹೇಳುತ್ತೇನೆ: ಜನವರಿಯ ಒಂದು ಬೆಳಿಗ್ಗೆ ನಮ್ಮ ಬೋಟಿನ ಹುಡುಗರೆಲ್ಲ ಬಟ್ಟೆಗಂಟು ಹಿಡಿದು ಇಳಿದರು. ತಡೆಯಲು ನನಗೆ ಬಾಯಿ ಬರಲಿಲ್ಲ. ಹಂಗಾಮಿನ ಉಳಿದ ತಿಂಗಳು ಬೋಟು ದಕ್ಕೆಯಲ್ಲಿ ಕಟ್ಟಿಯೇ ಇತ್ತು.

ಮಾರೋಣವೆಂದರೆ ಕೇಳುವವರು 20 ಲಕ್ಷದ ಮೇಲೆ ಹೋಗುತ್ತಿರಲಿಲ್ಲ, ಸೊಸೈಟಿಯ ಬಾಕಿಯೇ ಅದಕ್ಕಿಂತ ಹೆಚ್ಚಿತ್ತು. ಹೀಗಾಗಿ 2019ರ ಜೂನಿನಲ್ಲಿ ಬೇರೆ ದಾರಿಯಿಲ್ಲದೆ, ಮಂಗಳೂರಿನಲ್ಲಿ ಹಡಗಿನ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯ ಮೆಕ್ಯಾನಿಕ್ಕರನ್ನು ಕರೆತಂದೆ. ಅವರು ಬೋಟಿನೊಳಗೆ ಇಳಿಯುವ ಮೊದಲು ಮುಟ್ಟಿ ನಮಸ್ಕರಿಸಿದರು, ಜೇಬಿನಲ್ಲಿದ್ದ ಲಿಂಬೆಹಣ್ಣನ್ನು ಇಂಜಿನಿನ ಮೇಲಿಟ್ಟರು, ಆಮೇಲೆ ನನ್ನ ಕಥೆಯನ್ನೆಲ್ಲ ಮೊದಲಿನಿಂದ ಕೇಳಿದರು. ದಿನಾಂಕ ಕೇಳಿದರು, ಗಾಳಿ ಹೇಗಿತ್ತೆಂದು ಕೇಳಿದರು, ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತೆಂದು ಪ್ರತಿಸಲವೂ ಕೇಳಿದರು. ಜ್ಯೋತಿಷಿಗಳು ಕೇಳಿದ್ದಕ್ಕಿಂತ ಹೆಚ್ಚು ಪ್ರಶ್ನೆಗಳನ್ನು ಕೇಳಿದವರು ಅವರೊಬ್ಬರೇ.

ಮೊದಲು ಡೀಸೆಲ್ ಟ್ಯಾಂಕಿನ ಮುಚ್ಚಳ ಬಿಚ್ಚಿಸಿದರು. ತಳದಲ್ಲಿ ನಾಲ್ಕು ಬೆರಳಿನಷ್ಟು ದಪ್ಪದ ಕಪ್ಪು ಗಸಿ ಇತ್ತು, ಕದಡಿದರೆ ಹಳಸಿದ ಗಂಜಿಯಂತೆ ಎಳೆಯಾಗಿ ಏಳುತ್ತಿತ್ತು. ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕನ್ನು ಎರಡು ತಿಂಗಳು ಹಾಗೆಯೇ ಬಿಟ್ಟರೆ ಒಳಗಿನ ತೇವದ ಗಾಳಿ ತಗಡಿಗೆ ತಾಗಿ ನೀರಾಗಿ ಇಳಿದು ತಳ ಸೇರುತ್ತದೆ; ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಈ ಗಸಿಯಾಗುತ್ತದೆ. ಸಮುದ್ರ ಶಾಂತವಾಗಿದ್ದರೆ ಅದು ತಳದಲ್ಲೇ ಮಲಗಿರುತ್ತದೆ. ಬೋಟು ಹೊರಳಿದಾಗ ಎದ್ದು ಪೈಪಿಗೆ ಬಂದು ಫಿಲ್ಟರನ್ನು ಕಟ್ಟುತ್ತದೆ. ಇಂಜಿನು ಬೇಕೆಂದೇ ಗಾಳಿಯ ಸಮಯ ನೋಡಿ ನಿಲ್ಲುತ್ತಿದ್ದುದರ ಗುಟ್ಟು ಇದು. ಹಿಂದಿನ ಮಾಲಕರ ಕಾಲದಿಂದ ಯಾರೂ ಆ ಟ್ಯಾಂಕಿನ ತಳ ನೋಡಿರಲಿಲ್ಲ, ಎರಡು ಮಳೆಗಾಲ ನಾನೂ ನೋಡಿರಲಿಲ್ಲ.

ಬೋಲ್ಟು ಮತ್ತು ಗ್ಲ್ಯಾಂಡಿನ ಕಾಯಿಲೆ ಇನ್ನೂ ಸ್ವಾರಸ್ಯದ್ದು. ದೊಡ್ಡ ಇಂಜಿನನ್ನು ಹಳೆಯ ಇಂಜಿನಿನ ಪೀಠದ ಮೇಲೆಯೇ ತುಂಡು ಹಲಗೆಗಳನ್ನು ಕೊಟ್ಟು ಕೂರಿಸಿದ್ದರು, ಮತ್ತು ಶಾಫ್ಟಿನೊಂದಿಗೆ ಅದರ ಅಲೈನ್‌ಮೆಂಟನ್ನು ಬೋಟು ದಡದ ಮೇಲಿರುವಾಗಲೇ ಮಾಡಿ ಮುಗಿಸಿದ್ದರು. ಮರದ ಬೋಟು ದಡದಲ್ಲಿ ದಿಮ್ಮಿಗಳ ಮೇಲೆ ಕುಳಿತಾಗ ಇರುವ ಆಕಾರವೇ ಬೇರೆ, ನೀರು ಕೆಳಗಿನಿಂದ ಎಲ್ಲ ಕಡೆ ಸಮನಾಗಿ ಎತ್ತಿ ಹಿಡಿದಾಗಿನ ಆಕಾರವೇ ಬೇರೆ. ದಡದಲ್ಲಿ ಕೂದಲೆಳೆಯಷ್ಟೂ ತಪ್ಪಿರದ ಜೋಡಣೆ ನೀರಿಗಿಳಿದ ಮೇಲೆ ತಪ್ಪುತ್ತದೆ. ಆದ್ದರಿಂದ ಬೋಟು ಇಳಿದು ಎರಡು ದಿನ ಕಳೆದ ಮೇಲೆ, ಡೀಸೆಲ್ ತುಂಬಿಸಿ, ಕಪ್ಲಿಂಗಿನ ಬೋಲ್ಟು ಬಿಚ್ಚಿ, ಎರಡು ಬಿಲ್ಲೆಗಳ ನಡುವಿನ ಸಂದನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಸಂದು ಅಳೆಯುವ ತೆಳು ಪಟ್ಟಿಗಳಾದ ಫೀಲರ್ ಗೇಜಿನಿಂದ ಅಳೆಯಬೇಕು. ಆಗಸ್ಟಿನಲ್ಲಿ ನೀರಿಗಿಳಿಸಿ ಅಳೆದಾಗ ನಮ್ಮದರಲ್ಲಿ ಕೆಳಗಿನ ಸಂದು ಮೇಲಿನದಕ್ಕಿಂತ ಒಂದು ಮಿಲಿಮೀಟರಿಗೂ ಹೆಚ್ಚಿತ್ತು. ಇರಬಹುದಾದದ್ದು ಅದರ ಐದರಲ್ಲೊಂದು ಪಾಲು. ಇಷ್ಟು ಓರೆಯಾಗಿ ತಿರುಗುವ ಶಾಫ್ಟು ಪ್ರತಿ ಸುತ್ತಿಗೂ ಬೋಲ್ಟನ್ನು ಬಾಗಿಸುತ್ತದೆ, ಬುಷ್ಷನ್ನು ಮೊಟ್ಟೆಯಾಕಾರಕ್ಕೆ ಸವೆಸುತ್ತದೆ, ಗ್ಲ್ಯಾಂಡಿನ ಪ್ಯಾಕಿಂಗನ್ನು ಒಂದೇ ಕಡೆ ತಿನ್ನುತ್ತದೆ. ನಾವು ಎಷ್ಟು ಸಲ ಹೊಸ ಬೋಲ್ಟು ಹಾಕಿದರೂ ತುಂಡಾಗಲೇಬೇಕಿತ್ತು. ಟ್ಯಾಂಕು ತೊಳೆದು, ಪೀಠ ಹೊಸದಾಗಿ ಕಟ್ಟಿ, ಬುಷ್ ಬದಲಿಸಿ, ಅಲೈನ್‌ಮೆಂಟ್ ಮಾಡಿಸುವುದಕ್ಕೆ ಒಂದು ಲಕ್ಷದ ಮೂವತ್ತು ಸಾವಿರ ಬೇಕಾಯಿತು. ಕೆಲಸ ಮುಗಿದ ದಿನ ನಾನು ಮೆಕ್ಯಾನಿಕ್ಕರನ್ನು, ಹಾಗಾದರೆ ದೋಷ ಎನ್ನುವುದೇನೂ ಇರಲಿಲ್ಲವೇ ಎಂದು ಕೇಳಿದೆ. “ಇತ್ತಲ್ಲ, ಒಂದು ಮಿಲಿಮೀಟರ್ ಇತ್ತು” ಎಂದು ಹೇಳಿ ಲಿಂಬೆಹಣ್ಣನ್ನು ಅಲ್ಲೇ ಬಿಟ್ಟು ಹೋದರು.

ಎಲ್ಲವೂ ಇದರಿಂದ ವಿವರಿಸಲ್ಪಟ್ಟಿತೆಂದು ನಾನು ಹೇಳುವುದಿಲ್ಲ. ಮೂರನೆಯ ಹಂಗಾಮಿನಲ್ಲೂ ಅಕ್ಟೋಬರ್ ಕೊನೆಗೆ ಕ್ಯಾರ್ ಚಂಡಮಾರುತ ಬಂದು ಟ್ರಿಪ್ಪು ಹಾಳಾಯಿತು, 2020ರ ಮಾರ್ಚಿನಲ್ಲಿ ಕೊರೊನಾ ಬಂದು ದಕ್ಕೆಯೇ ಮುಚ್ಚಿತು. ಆದರೆ ಇಂಜಿನು ಸಮುದ್ರದ ನಡುವೆ ನಿಂತಿದ್ದು ಆ ಮೇಲೆ ಒಮ್ಮೆಯೂ ಇಲ್ಲ. ಎರಡು ಟ್ರಿಪ್ಪು ಸರಿಯಾಗಿ ಬಂದ ಮೇಲೆ ಹಳೆಯ ತಾಂಡೇಲರು ತಾವಾಗಿಯೇ ಕೇಳಿಕೊಂಡು ಮರಳಿದರು. ಅವರ ಲೆಕ್ಕದಲ್ಲಿ ಬೋಟು ಸರಿಹೋದದ್ದು ಬೊಬ್ಬರ್ಯನ ಹರಕೆಯಿಂದ, ಸ್ವಲ್ಪ ತಡವಾಗಿ ಫಲ ಕೊಟ್ಟಿತು, ಅಷ್ಟೇ. ನಾನು ವಾದ ಮಾಡಲಿಲ್ಲ. ಫೀಲರ್ ಗೇಜನ್ನು ನಂಬಿ ರಾತ್ರಿ ಎರಡಕ್ಕೆ ಅಲೆಯ ನಡುವೆ ಚುಕ್ಕಾಣಿ ಹಿಡಿಯುವುದು ಕಷ್ಟ, ಅದಕ್ಕೆ ಬೇರೆಯದೇ ಧೈರ್ಯ ಬೇಕು. ಆ ಧೈರ್ಯ ಅವರಿಗೆ ಎಲ್ಲಿಂದ ಸಿಗುತ್ತದೆಯೋ ಅಲ್ಲಿಗೆ ಹೂವು ಕಾಯಿ ಕಳಿಸುವುದು ಮಾಲಕನ ಕೆಲಸವೇ. ಹೋಮದ ಎಂಬತ್ತು ಸಾವಿರದ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಮೂರನೆಯ ಎಲೆಯ ಬಗ್ಗೆ ಇದೆ.

2019ರ ನೂಲಹುಣ್ಣಿಮೆ ಆಗಸ್ಟ್ 15ಕ್ಕೆ ಬಂದಿತ್ತು. ವಡಭಾಂಡೇಶ್ವರದ ಮರಳಿನಲ್ಲಿ, ಹಾಲಿನ ಪಾತ್ರೆ ಹಿಡಿದು ನಿಂತ ಗುಂಪಿನಲ್ಲಿ ಅಣ್ಣ ಕಂಡರು. ಹತ್ತಿರ ಹೋಗಿ, ಟ್ಯಾಂಕಿನ ಗಸಿಯ ವಿಷಯ, ಒಂದು ಮಿಲಿಮೀಟರಿನ ವಿಷಯ ಎಲ್ಲವನ್ನೂ ಹೇಳತೊಡಗಿದೆ. ಕ್ಷಮೆ ಕೇಳಲು ನಾನು ಹುಡುಕಿಕೊಂಡ ದಾರಿ ಅದಾಗಿತ್ತು. ಅವರು ಪೂರ್ತಿ ಕೇಳಿಸಿಕೊಂಡರು. “ಇಂಜಿನಿನ ಪೀಠ ಸರಿಯಿಲ್ಲ ಎಂದು ನನಗೆ ಅನುಮಾನವಿತ್ತು. ಅದಕ್ಕೇ ನಾನು ಎರಡು ಲಕ್ಷ ಕಡಿಮೆ ಕೇಳಿದ್ದು” ಎಂದರು. ಹಾಗಾದರೆ ನನಗೇಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ಕೊಂಡು ಮುಗಿದ ಬೋಟಿನ ತಪ್ಪು ಹೇಳಿದರೆ ಅದನ್ನೇ ಕೆಟ್ಟ ಬಾಯಿ ಎನ್ನುತ್ತಾರೆ ನಮ್ಮಲ್ಲಿ. ಮಗಳ ಮದುವೆಗೆ ಬನ್ನಿ ಎಂದರು. ಹೋದೆವು. ನನ್ನ ತಾಯಿ ಮತ್ತು ದೊಡ್ಡಮ್ಮ ಮಾತ್ರ ಮೊದಲಿನಂತೆ ಒಂದೇ ಚಾಪೆಯಲ್ಲಿ ಕುಳಿತು ಮಾತನಾಡಿದ್ದನ್ನು ನಾನು ಮತ್ತೆ ನೋಡಲಿಲ್ಲ. ದೊಡ್ಡಮ್ಮ ಮುಂದಿನ ವರ್ಷ ತೀರಿಕೊಂಡರು.

2022ರ ಮಳೆಗಾಲದಲ್ಲಿ ಬೋಟನ್ನು ಗಂಗೊಳ್ಳಿಯ ಕಡೆಯವರೊಬ್ಬರಿಗೆ ಮಾರಿದೆ. ಸಾಲ ತೀರಿತು, ಚಿನ್ನದಲ್ಲಿ ಅರ್ಧ ಮನೆಗೆ ಮರಳಿತು. ಅವರು ಬೋಟನ್ನು ಸುತ್ತಿ ನೋಡಿ, ತಟ್ಟಿ ನೋಡಿ, ಕೊನೆಗೆ ಎಲ್ಲರೂ ಕೇಳುವುದನ್ನೇ ಕೇಳಿದರು: “ಬೋಟಿಗ್ ಎಂತಾರೂ ದೋಷ ಇತ್ತಾ, ಹೇಳಿ ಕಾಂಬ.” ನಾನು ರಿಪೇರಿಯ ಬಿಲ್ಲುಗಳ ಕಡತವನ್ನೂ, ಮೂರು ವರ್ಷ ಪ್ರತಿ ಆಗಸ್ಟಿನಲ್ಲಿ ಅಳೆದು ಬರೆದಿಟ್ಟ ಸಂದುಗಳ ಲೆಕ್ಕವನ್ನೂ ಮುಂದಿಟ್ಟೆ. ಅವರು ಹಾಳೆಗಳನ್ನು ತಿರುವಿ ಹಾಕಿ, ಯಾವ ಯಾವ ಪೂಜೆ ಮಾಡಿಸಿದ್ದೀರಿ ಎಂದು ಕೇಳಿದರು, ಅದನ್ನೂ ಹೇಳಿದೆ. ಹೆಸರು ಬದಲಿಸಬಹುದೇ ಎಂದಾಗ ಅವರನ್ನು ಮೂತಿಯ ಹತ್ತಿರ ಕರೆದೊಯ್ದು, ನನ್ನ ಹೆಸರಿನ ಬಣ್ಣದ ಕೆಳಗೆ ಇನ್ನೂ ಕೈಗೆ ಸಿಗುವ ಹಳೆಯ ಅಕ್ಷರಗಳ ಮೇಲೆ ಅವರ ಬೆರಳು ಆಡಿಸಿ ತೋರಿಸಿದೆ. ಅವರು ಓದಿಕೊಂಡು, ಏನನ್ನೂ ಹೇಳದೆ ಅಂಗೈಯಿಂದ ಅದನ್ನು ಒಮ್ಮೆ ಸವರಿದರು.

ಆಗಸ್ಟಿನಲ್ಲಿ ಅವರು ಬೋಟು ಒಯ್ಯಲು ಬಂದ ಬೆಳಿಗ್ಗೆ ಕಾಯಿ ತರಲು ಅಣ್ಣ ನನ್ನೊಂದಿಗೆ ಅಂಗಡಿಗೆ ಬಂದರು. ರಾಶಿಯಿಂದ ಒಂದೊಂದೇ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಮೂರನ್ನು ಬದಿಗಿಟ್ಟು ನಾಲ್ಕನೆಯದನ್ನು ನನ್ನ ಕೈಗೆ ಕೊಟ್ಟು, “ಇದರ ದರ ಕೇಳಬೇಡ” ಎಂದರು.